ಬಚ್ಚಿಟ್ಟ ಬೆಂಕಿ

ವಿಜ್ಞಾನದ ಮಾಸಪತ್ರಿಕೆಯಲ್ಲಿ ಸಾವಿರದ ಮುನ್ನೂರು ವರ್ಷಗಳ ಹಿಂದಿನ ನೌಕಾಯುದ್ಧದ ಮಾತೇಕೆ ಎಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಈ ಲೇಖನಕ್ಕೆ ಕಾರಣವಾದುದು ನಮ್ಮ ತರಗತಿಯಲ್ಲಿ ಎದ್ದ ಒಂದು ಪ್ರಶ್ನೆ. ದ್ರವಗಳ ಸಾಂದ್ರತೆಯನ್ನು ಕುರಿತು ಪಾಠ ನಡೆಯುತ್ತಿದ್ದಾಗ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, “ನೀರಿನ ಮೇಲೂ ಉರಿಯುವ ಬೆಂಕಿಯೊಂದು ಹಿಂದೆ ಗ್ರೀಕರ ಬಳಿ ಇದ್ದಿತಂತೆ, ಅದರ ಗುಟ್ಟು ಇಂದಿಗೂ ಯಾರಿಗೂ ತಿಳಿಯದಂತೆ, ನಿಜವೇ ಸಾರ್?” ಎಂದು ಕೇಳಿದನು. ಪ್ರಶ್ನೆ ಒಳ್ಳೆಯದೇ. ಆದರೆ ಅವನ ಮಾತಿನಲ್ಲಿ ಬೆಂಕಿಗಿಂತ ಗುಟ್ಟಿನ ಮೇಲೆಯೇ ಹೆಚ್ಚು ಭಕ್ತಿ ಇದ್ದುದನ್ನು ಕಂಡೆವು. ಯಾರಿಗೂ ತಿಳಿಯದಂತೆ ಕಾಪಾಡಿದ ವಿದ್ಯೆಯೇ ದೊಡ್ಡ ವಿದ್ಯೆ ಎಂಬ ಭಾವನೆ ನಮ್ಮಲ್ಲಿ ಅನೇಕರಿಗೆ ಇದೆ. ಈ ಭಾವನೆ ತಪ್ಪೆಂದು ತೋರಿಸಲು ಆ ಬೆಂಕಿಯ ಕಥೆಗಿಂತ ಉತ್ತಮವಾದ ಸಾಕ್ಷಿ ಬೇರೊಂದಿಲ್ಲ.

ಕಥೆಯನ್ನು ಬೆಂಕಿ ಹುಟ್ಟುವುದಕ್ಕೆ ಸ್ವಲ್ಪ ಮೊದಲಿನಿಂದ ಹೇಳಬೇಕು. ಕ್ರಿ.ಶ. ಏಳನೆಯ ಶತಮಾನದ ಮೊದಲ ಭಾಗದಲ್ಲಿ ಮೆಡಿಟರೇನಿಯನ್ ಸಮುದ್ರದ ಪೂರ್ವಭಾಗವೆಲ್ಲ ಬೈಜಾಂಟೈನ್ ಸಾಮ್ರಾಜ್ಯದ ಕೆರೆಯಂತಿದ್ದಿತು. ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಕುಳಿತ ಚಕ್ರವರ್ತಿಯ ಹಡಗುಗಳಿಗೆ ಅಲ್ಲಿ ಎದುರಾಳಿಗಳೇ ಇರಲಿಲ್ಲ. ಮರಳುಗಾಡಿನಿಂದ ಹೊರಟ ಅರಬ್ಬರು ಸಿರಿಯಾ ಮತ್ತು ಈಜಿಪ್ಟ್ ದೇಶಗಳನ್ನು ಗೆದ್ದರೂ ಸಮುದ್ರವು ಅವರಿಗೆ ಹೊಸದು. ಖಲೀಫ ಉಮರ್ ಕಡಲ ದಂಡಯಾತ್ರೆಗೆ ಒಪ್ಪಿಗೆಯನ್ನೇ ಕೊಡಲಿಲ್ಲ. ಆತನ ತರುವಾಯ ಬಂದ ಉಸ್ಮಾನನು ಒಪ್ಪಿದ ಮೇಲೆ ಸಿರಿಯಾದ ಅಧಿಪತಿ ಮುಆವಿಯಾ 649ರಲ್ಲಿ ಸೈಪ್ರಸ್ ದ್ವೀಪದ ಮೇಲೆ ಮೊದಲ ದಾಳಿಯನ್ನು ನಡೆಸಿದನು.

ಇದಾದ ಆರೇ ವರ್ಷಗಳಿಗೆ, ಅಂದರೆ 655ರಲ್ಲಿ (ಕೆಲವರ ಗಣನೆಯಲ್ಲಿ 654), ಇಂದಿನ ತುರ್ಕಿಯ ದಕ್ಷಿಣ ತೀರದ ಲಿಸಿಯಾ ಪ್ರಾಂತದಲ್ಲಿ, ಫೀನಿಕ್ಸ್ ಎಂಬ ರೇವಿನ ಬಳಿ ಎರಡು ನೌಕಾಪಡೆಗಳೂ ಎದುರಾದವು. ಬೈಜಾಂಟೈನರ ಪಡೆಯನ್ನು ಚಕ್ರವರ್ತಿ ಎರಡನೆಯ ಕಾನ್‌ಸ್ಟಾನ್ಸನು ತಾನೇ ನಡೆಸುತ್ತಿದ್ದನು. ಅರಬ್ಬರ ಪಡೆಗೆ ಈಜಿಪ್ಟಿನ ಅಧಿಪತಿ ಅಬ್ದುಲ್ಲಾ ಇಬ್ನ್ ಸಅದ್ ನಾಯಕನಾಗಿದ್ದನು. ಹಡಗುಗಳನ್ನು ಒಂದಕ್ಕೊಂದು ಹಗ್ಗಗಳಿಂದ ಬಿಗಿದು, ಹಲಗೆಗಳ ಮೇಲೆ ನಿಂತು, ನೆಲದ ಮೇಲಿನ ಕಾಳಗದಂತೆಯೇ ಕತ್ತಿ ಕಠಾರಿಗಳಿಂದ ಹೋರಾಡಿದರು. ಕಡಲ ನೀರು ರಕ್ತದಿಂದ ಕೆಂಪಾಯಿತೆಂದು ಗ್ರೀಕ್ ಇತಿಹಾಸಕಾರ ಥಿಯೊಫನೀಸ್ ಬರೆದಿದ್ದಾನೆ. ಚಕ್ರವರ್ತಿಯು ತನ್ನ ರಾಜವಸ್ತ್ರವನ್ನು ಬೇರೊಬ್ಬನಿಗೆ ತೊಡಿಸಿ, ತಾನು ತಲೆಮರೆಸಿಕೊಂಡು ಪಾರಾದನು. ಆ ವಸ್ತ್ರವನ್ನು ತೊಟ್ಟವನು ಅಲ್ಲಿಯೇ ಮಡಿದನು. ಅರಬ್ಬರು ಈ ಯುದ್ಧವನ್ನು ‘ಪಟಸ್ತಂಭಗಳ ಯುದ್ಧ’ ಎಂದು ಕರೆಯುತ್ತಾರೆ.

ಕಡಲನ್ನೇ ಅರಿಯದ ಜನರು ಇಷ್ಟು ಬೇಗ ಕಡಲಿನ ಒಡೆಯರನ್ನು ಸೋಲಿಸಿದ್ದು ಹೇಗೆ? ಅವರ ಶೌರ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಶೌರ್ಯದಿಂದ ಹಡಗು ತೇಲುವುದಿಲ್ಲ. ಅಲೆಕ್ಸಾಂಡ್ರಿಯದ ಹಡಗುಕಟ್ಟೆಗಳು, ಲೆಬನಾನಿನ ಕಡಲತೀರದ ರೇವುಗಳು, ಅಲ್ಲಿನ ಬಡಗಿಗಳು, ಹುಟ್ಟುಹಾಕುವ ಆಳುಗಳು, ಈಜಿಪ್ಟಿನ ಕ್ರೈಸ್ತ ನಾವಿಕರು ಎಲ್ಲರೂ ಹೊಸ ಒಡೆಯರ ಕೈಕೆಳಗೆ ಬಂದಿದ್ದರು. ಹಡಗು ಕಟ್ಟುವ ವಿದ್ಯೆ ಅರಮನೆಯ ಗುಟ್ಟಾಗಿರಲಿಲ್ಲ. ತಂದೆಯಿಂದ ಮಗನಿಗೆ, ಮೇಸ್ತ್ರಿಯಿಂದ ಶಿಷ್ಯನಿಗೆ ಹರಿದು, ಸಾವಿರಾರು ಕೈಗಳಲ್ಲಿ ಹಂಚಿಹೋಗಿದ್ದ ಕಸುಬು ಅದು. ರಾಜ್ಯ ಕೈಬದಲಾದರೂ ಕಸುಬು ಸಾಯಲಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಪಟಸ್ತಂಭಗಳ ಯುದ್ಧದ ತರುವಾಯ ಕಾನ್‌ಸ್ಟಾಂಟಿನೋಪಲ್ ನಗರಕ್ಕೇ ಗಂಡಾಂತರ ಬಂದಿತು. ಆ ಸಮಯದಲ್ಲಿ ಸಿರಿಯಾದ ಹೀಲಿಯೊಪೊಲಿಸಿನಿಂದ ಕ್ಯಾಲಿನಿಕಸ್ ಎಂಬ ಶಿಲ್ಪಿಯು ನಿರಾಶ್ರಿತನಾಗಿ ನಗರಕ್ಕೆ ಓಡಿಬಂದು, ಹಡಗಿನಿಂದ ಹಡಗಿಗೆ ಚಿಮ್ಮಿಸಬಲ್ಲ ಬೆಂಕಿಯೊಂದನ್ನು ಸಿದ್ಧಪಡಿಸಿ ಕೊಟ್ಟನೆಂದು ಥಿಯೊಫನೀಸನೇ ಹೇಳುತ್ತಾನೆ. 674ರಿಂದ 678ರವರೆಗೆ ನಡೆಯಿತೆಂದು ಸಂಪ್ರದಾಯವಾಗಿ ಹೇಳಲಾಗುವ ಮುತ್ತಿಗೆಯಲ್ಲಿ ಈ ಬೆಂಕಿಯು ಅರಬ್ಬರ ಹಡಗುಗಳನ್ನು ಸುಟ್ಟಿತು. ಮತ್ತೆ 717ರಲ್ಲಿ ಮಸ್ಲಮಾ ಎಂಬ ಸೇನಾನಿಯು ದೊಡ್ಡ ಪಡೆಯೊಡನೆ ಬಂದು ನಗರವನ್ನು ಸುತ್ತುವರಿದಾಗ, ಗಾಳಿ ನಿಂತು ಸೆಳವಿಗೆ ಸಿಕ್ಕಿದ್ದ ಇಪ್ಪತ್ತು ಭಾರಿ ಹಡಗುಗಳ ಮೇಲೆ ಚಕ್ರವರ್ತಿ ಮೂರನೆಯ ಲಿಯೋ ತನ್ನ ಬೆಂಕಿಹಡಗುಗಳನ್ನು ಬಿಟ್ಟನು. ಕೆಲವು ಉರಿಯುತ್ತಲೇ ನಗರದ ಕಡಲಗೋಡೆಗೆ ಬಂದು ಬಡಿದವು. ಕೆಲವು ಜನರೊಡನೆಯೇ ಮುಳುಗಿದವು. ಮರುವರ್ಷ ಆಗಸ್ಟ್‌ನಲ್ಲಿ ಮುತ್ತಿಗೆ ಮುಗಿಯಿತು. ಕಠಿಣವಾದ ಚಳಿಗಾಲ, ಹಸಿವು, ಬಲ್ಗೇರಿಯನ್ನರ ದಾಳಿ, ಈಜಿಪ್ಟಿನ ನಾವಿಕರು ಪಕ್ಷ ಬದಲಾಯಿಸಿದ್ದು, ಇವೆಲ್ಲವೂ ಆ ಸೋಲಿಗೆ ಕಾರಣಗಳೇ. ಆದರೆ ಜನರ ನೆನಪಿನಲ್ಲಿ ಉಳಿದದ್ದು ಬೆಂಕಿ ಒಂದೇ.

ಈ ಬೆಂಕಿ ಏನಾಗಿತ್ತು? ಭೌತವಿಜ್ಞಾನದ ಅಧ್ಯಾಪಕರಾದ ನಮಗೆ ಇದನ್ನು ಕುರಿತು ಎರಡು ಮಾತು ಹೇಳುವ ಹಕ್ಕಿದೆ ಎಂದು ಭಾವಿಸುತ್ತೇವೆ.

ಮೊದಲನೆಯದಾಗಿ, ನೀರಿನ ಮೇಲೆ ಬೆಂಕಿ ಉರಿಯುವುದರಲ್ಲಿ ಮಾಯೆಯೇನೂ ಇಲ್ಲ. ಸಮುದ್ರದ ನೀರಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.03 ಗ್ರಾಂ. ಭೂಮಿಯಿಂದ ಒಸರುವ ಕಚ್ಚಾ ಎಣ್ಣೆಯ ಸಾಂದ್ರತೆ ಸಾಮಾನ್ಯವಾಗಿ 0.8 ರಿಂದ 0.95 ಗ್ರಾಂ. ಆದುದರಿಂದ ಎಣ್ಣೆ ತೇಲುತ್ತದೆ. ತೇಲುವ ಎಣ್ಣೆಗೆ ಮೇಲಿನಿಂದ ಗಾಳಿ ಸಿಗುತ್ತದೆ. ಗಾಳಿ ಸಿಕ್ಕಿದ್ದು ಉರಿಯುತ್ತದೆ. ಉರಿಯುವ ಎಣ್ಣೆಯ ಮೇಲೆ ನೀರು ಸುರಿದರೆ ನೀರು ಅಡಿಗೆ ಇಳಿದು, ಕಾದು, ಥಟ್ಟನೆ ಹಬೆಯಾಗಿ ಎಣ್ಣೆಯನ್ನು ನಾಲ್ಕು ದಿಕ್ಕಿಗೂ ಸಿಡಿಸುತ್ತದೆ. ಬಾಣಲೆಯ ಎಣ್ಣೆಗೆ ಉರಿ ಹತ್ತಿದಾಗ ನಮ್ಮ ಮನೆಯ ಹೆಂಗಸರು ನೀರು ಹಾಕುವುದಿಲ್ಲ, ತಟ್ಟೆಯನ್ನು ಮುಚ್ಚುತ್ತಾರೆ. ಅಂದಿನ ನಾವಿಕರು ಮರಳು ಎರಚುತ್ತಿದ್ದುದೂ ವಿನಿಗರಿನಲ್ಲಿ ನೆನೆಸಿದ ತೊಗಲುಗಳನ್ನು ಹೊದಿಸುತ್ತಿದ್ದುದೂ ಇದೇ ತತ್ತ್ವದಿಂದ.

ಎರಡನೆಯದಾಗಿ, ಅದರಲ್ಲಿ ಬೆರೆತಿದ್ದ ಪದಾರ್ಥಗಳು ಯಾವುವು? ಹಿಂದೆ ಕೆಲವರು ಸುಟ್ಟ ಸುಣ್ಣವನ್ನು ಊಹಿಸಿದರು. ಸುಣ್ಣದ ಕಲ್ಲಿಗೆ ನೀರು ಬಿದ್ದರೆ ಕುದಿಯುವಷ್ಟು ಶಾಖ ಹುಟ್ಟುತ್ತದೆಂಬುದನ್ನು ಮನೆಗೆ ಸುಣ್ಣ ಬಳಿದವರೆಲ್ಲರೂ ಬಲ್ಲರು. ಆದರೆ ಆ ಬೆಂಕಿಯನ್ನು ನೇರವಾಗಿ ಹಡಗಿನ ಹಲಗೆಗಳ ಮೇಲೆ, ಉರಿಯುತ್ತಿರುವಾಗಲೇ ಚಿಮ್ಮಿಸುತ್ತಿದ್ದರೆಂದು ಬರಹಗಳು ಹೇಳುವುದರಿಂದ ನೀರಿನ ಸಂಪರ್ಕದ ಅಗತ್ಯವೇ ಕಾಣುವುದಿಲ್ಲ. ಇನ್ನು ಕೆಲವರು ಪೆಟ್ಲುಪ್ಪನ್ನು ಊಹಿಸಿದರು. ಅದು ಆ ಪ್ರದೇಶದ ಯುದ್ಧಗಳಲ್ಲಿ ಬಳಕೆಗೆ ಬಂದದ್ದು ಹದಿಮೂರನೆಯ ಶತಮಾನದಲ್ಲಿ; ಆದ್ದರಿಂದ ಆ ಊಹೆಯೂ ನಿಲ್ಲುವುದಿಲ್ಲ. ಇಂದಿನ ವಿದ್ವಾಂಸರಲ್ಲಿ ಬಹುಮಂದಿ ಒಪ್ಪುವುದು ಇಷ್ಟು: ಮುಖ್ಯ ಪದಾರ್ಥ ಕಚ್ಚಾ ಎಣ್ಣೆ; ಅದಕ್ಕೆ ಮರದ ರಾಳವನ್ನು ಬೆರೆಸಿರಬಹುದು. ರಾಳ ಬೆರೆತಾಗ ದ್ರವದ ಸ್ನಿಗ್ಧತೆ ಹೆಚ್ಚುತ್ತದೆ. ಧಾರೆಯು ಗಾಳಿಯಲ್ಲಿ ಬೇಗ ಚದುರದೆ, ಬಿದ್ದಲ್ಲಿ ಅಂಟಿಕೊಂಡು ಉರಿಯುತ್ತದೆ. ಕಾಯಿಸಿದಾಗ ಸ್ನಿಗ್ಧತೆ ತಗ್ಗಿ, ಕೊಳವೆಯಲ್ಲಿ ಸಲೀಸಾಗಿ ಹರಿಯುತ್ತದೆ. ಆದ್ದರಿಂದ ಹದವಾಗಿ ಕಾಯಿಸುವುದೇ ಒಂದು ಮುಖ್ಯ ಕೆಲಸ.

ಮೂರನೆಯದು ಯಂತ್ರ. ಗ್ರೀಕರು ಅದನ್ನು ‘ಸೈಫನ್’ ಎಂದು ಕರೆದರು. ಇದು ನಮ್ಮ ಪಠ್ಯಪುಸ್ತಕಗಳ ಬಾಗುಗೊಳವೆಯಲ್ಲ, ಕಂಚಿನ ಒತ್ತುಪಂಪು. ಉರುಳೆಯೊಳಗೆ ಕೊಂತವನ್ನು ತಳ್ಳಿದರೆ ದ್ರವವು ಕವಾಟವನ್ನು ತೆರೆದುಕೊಂಡು ಮೂತಿಯಿಂದ ಚಿಮ್ಮುತ್ತದೆ. ಓಕುಳಿಯ ಪಿಚಕಾರಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ಪಂಪು ಕ್ಯಾಲಿನಿಕಸನ ಸೃಷ್ಟಿಯೂ ಅಲ್ಲ. ಕ್ರಿ.ಪೂ. ಮೂರನೆಯ ಶತಮಾನದಲ್ಲಿಯೇ ಅಲೆಕ್ಸಾಂಡ್ರಿಯದ ಕ್ಟೆಸಿಬಿಯಸ್ ಒತ್ತುಪಂಪನ್ನು ರಚಿಸಿದ್ದನು. ಅದೇ ನಗರದ ಹೀರೋ ಎಂಬ ಪಂಡಿತನು ಕ್ರಿ.ಶ. ಒಂದನೆಯ ಶತಮಾನದಲ್ಲಿ ಎರಡು ಉರುಳೆಗಳ ಪಂಪನ್ನು ತನ್ನ ಗ್ರಂಥದಲ್ಲಿ ವರ್ಣಿಸಿದನು. ಅವನು ಅದನ್ನು ವರ್ಣಿಸಿದ್ದು ಬೆಂಕಿಯನ್ನು ಆರಿಸುವ ಯಂತ್ರವಾಗಿ! ಆರಿಸಲು ಹುಟ್ಟಿದ ಯಂತ್ರವನ್ನೇ ಮನುಷ್ಯನು ಹೊತ್ತಿಸಲು ಬಳಸಿದನು.

ಈ ಯಂತ್ರಕ್ಕೆ ಅಸಾಧಾರಣ ಶಕ್ತಿ ಬೇಕಾಗಿತ್ತೇ? ಲೆಕ್ಕ ಮಾಡಿ ನೋಡೋಣ. ಧಾರೆಯು 15 ಮೀಟರ್ ದೂರ ಹೋಗಬೇಕೆಂದು ಇಟ್ಟುಕೊಳ್ಳಿ. 45 ಡಿಗ್ರಿ ಕೋನದಲ್ಲಿ ಚಿಮ್ಮಿಸಿದರೆ ದೂರವು ವೇಗದ ವರ್ಗವನ್ನು ಗುರುತ್ವ ವೇಗೋತ್ಕರ್ಷದಿಂದ ಭಾಗಿಸಿದಷ್ಟು. ವೇಗದ ವರ್ಗ 15 × 9.8, ಅಂದರೆ 147. ವೇಗ ಸೆಕೆಂಡಿಗೆ ಸುಮಾರು 12 ಮೀಟರ್. ಘನ ಮೀಟರಿಗೆ 850 ಕಿಲೋಗ್ರಾಂ ತೂಗುವ ಎಣ್ಣೆಗೆ ಈ ವೇಗ ಕೊಡಲು ಬೇಕಾದ ಒತ್ತಡವು ಸಾಂದ್ರತೆ ಮತ್ತು ವೇಗದ ವರ್ಗ ಇವುಗಳ ಗುಣಲಬ್ಧದ ಅರ್ಧ: ಸುಮಾರು 62,000 ಪಾಸ್ಕಲ್. ಇದು ವಾಯುಮಂಡಲದ ಒತ್ತಡದ ಹತ್ತರಲ್ಲಿ ಆರು ಪಾಲು ಮಾತ್ರ. ಘರ್ಷಣೆಗೂ ಗಾಳಿಯ ತಡೆಗೂ ಇದನ್ನು ಎರಡು ಪಟ್ಟು ಮಾಡಿದರೂ ಸೈಕಲ್ಲಿನ ಚಕ್ರಕ್ಕೆ ಗಾಳಿ ತುಂಬುವ ಕೈಪಂಪಿನ ಒತ್ತಡವನ್ನು ಮುಟ್ಟುವುದಿಲ್ಲ. ಎರಡು ಸೆಂಟಿಮೀಟರ್ ವ್ಯಾಸದ ಮೂತಿಯಿಂದ ಸೆಕೆಂಡಿಗೆ ಸುಮಾರು 3.8 ಲೀಟರ್ ಎಣ್ಣೆ ಹೊರಬೀಳುತ್ತದೆ. ಅದಕ್ಕೆ ಬೇಕಾದ ಸಾಮರ್ಥ್ಯ ಸುಮಾರು 235 ವಾಟ್. ನಷ್ಟಗಳನ್ನು ಸೇರಿಸಿದರೂ ಗಟ್ಟಿಮುಟ್ಟಾದ ಮೂರು ನಾಲ್ಕು ಆಳುಗಳು ಸ್ವಲ್ಪ ಹೊತ್ತು ಮಾಡಬಹುದಾದ ಕೆಲಸ. ಈ ಶತಮಾನದ ಆರಂಭದಲ್ಲಿ ಜಾನ್ ಹಾಲ್ಡನ್ ಎಂಬ ಇತಿಹಾಸತಜ್ಞರೂ ಅವರ ಸಂಗಡಿಗರೂ ಇಂಥ ಕಂಚಿನ ಪಂಪನ್ನು ಕಟ್ಟಿ, ಕಾಯಿಸಿದ ಎಣ್ಣೆಯನ್ನು ಚಿಮ್ಮಿಸಿ ನೋಡಿದರು. ಜ್ವಾಲೆ ಹತ್ತು ಹದಿನೈದು ಮೀಟರ್ ದೂರ ಚಾಚಿತು.

ಹಾಗಾದರೆ ಗುಟ್ಟು ಎಲ್ಲಿದ್ದಿತು? ಎಣ್ಣೆ ಗುಟ್ಟಲ್ಲ, ಅರಬ್ಬರ ನೆಲದಲ್ಲಿಯೂ ಅದು ಒಸರುತ್ತಿತ್ತು, ಅದನ್ನು ಎಸೆಯುವ ‘ನಫ್ಫಾತ’ರೆಂಬ ಸೈನಿಕರ ದಳಗಳೇ ಮುಂದೆ ಅವರಲ್ಲಿದ್ದವು. ಪಂಪು ಗುಟ್ಟಲ್ಲ, ಹೀರೋನ ಗ್ರಂಥದಲ್ಲಿ ಇದ್ದಿತು. ಗುಟ್ಟು ಇದ್ದುದು ಇವೆಲ್ಲವೂ ಸೇರುವ ಹದದಲ್ಲಿ. ಎಷ್ಟು ಕಾಯಿಸಬೇಕು, ಕವಾಟವನ್ನು ಯಾವಾಗ ತೆರೆಯಬೇಕು, ಮೂತಿ ಎಷ್ಟು ಕಿರಿದಾಗಿರಬೇಕು, ಉರಿ ಹಿಂದಕ್ಕೆ ನುಗ್ಗದಂತೆ ಮಾಡುವುದು ಹೇಗೆ, ಗಾಳಿ ಯಾವ ಕಡೆಯಿಂದ ಬೀಸುವಾಗ ಪ್ರಯೋಗಿಸಬೇಕು. ಇಂಥ ಹತ್ತು ಸಣ್ಣ ಸಂಗತಿಗಳು ಕೆಲವೇ ಜನರ ಕೈಯಲ್ಲಿ, ಕಣ್ಣಿನಲ್ಲಿ, ಅಭ್ಯಾಸದಲ್ಲಿ ಅಡಗಿದ್ದವು.

ಈ ಗುಟ್ಟನ್ನು ಕಾಯ್ದ ಬಗೆಯು ಯಂತ್ರಕ್ಕಿಂತಲೂ ವಿಚಿತ್ರವಾದುದು. ಹತ್ತನೆಯ ಶತಮಾನದ ನಡುವೆ ಚಕ್ರವರ್ತಿ ಏಳನೆಯ ಕಾನ್‌ಸ್ಟಂಟೈನನು ತನ್ನ ಮಗ ರೊಮಾನಸನಿಗೆ ರಾಜ್ಯಭಾರದ ಬುದ್ಧಿವಾದವನ್ನು ಗ್ರಂಥರೂಪದಲ್ಲಿ ಬರೆದಿಟ್ಟನು. ಪರದೇಶದವರು ಬಂದು ಕೇಳಿದರೂ ಕೊಡಬಾರದ ಮೂರು ವಸ್ತುಗಳನ್ನು ಅದರಲ್ಲಿ ಹೆಸರಿಸಿದ್ದಾನೆ: ರಾಜವಸ್ತ್ರ ಕಿರೀಟಗಳು, ಈ ಬೆಂಕಿ, ರಾಜವಂಶದ ಹೆಣ್ಣು. ಬೆಂಕಿಯನ್ನು ಕೇಳಿದವರಿಗೆ, ಇದನ್ನು ದೇವದೂತನು ಮೊದಲನೆಯ ಕಾನ್‌ಸ್ಟಂಟೈನ್ ಚಕ್ರವರ್ತಿಗೆ ತಿಳಿಸಿದನೆಂದೂ, ಹೊರಗಿನವರಿಗೆ ಕೊಟ್ಟವನ ಮೇಲಿನ ಶಾಪವನ್ನು ದೇವಾಲಯದ ಪೀಠದ ಮೇಲೆ ಕೆತ್ತಿಸಿದೆಯೆಂದೂ, ಹಿಂದೊಮ್ಮೆ ಲಂಚ ತಿಂದು ಕೊಟ್ಟ ಸೇನಾನಿಯೊಬ್ಬನನ್ನು ದೇವಾಲಯದ ಬಾಗಿಲಿನಲ್ಲಿಯೇ ಆಕಾಶದ ಬೆಂಕಿ ಸುಟ್ಟಿತೆಂದೂ ಹೇಳಬೇಕಂತೆ!

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ಬೆಂಕಿಯು ಇಲ್ಲಿ ಕಿರೀಟದ ಪಕ್ಕದಲ್ಲಿ ಕುಳಿತಿದೆ. ಅದು ತಿಳಿಯತಕ್ಕ, ಪರೀಕ್ಷಿಸತಕ್ಕ, ಉತ್ತಮಪಡಿಸತಕ್ಕ ವಿದ್ಯೆಯಾಗಿ ಉಳಿಯದೆ, ಅರಮನೆಯ ಒಡವೆಯಾಗಿದೆ. ಎರಡನೆಯದು, ಥಿಯೊಫನೀಸನು ಹೆಸರಿಸಿದ್ದ ಆ ಬಡ ಶಿಲ್ಪಿ ಕ್ಯಾಲಿನಿಕಸನು ನೂರ ಮೂವತ್ತು ನೂರ ನಲವತ್ತು ವರ್ಷಗಳಲ್ಲಿ ಹೊರಗಿನವರಿಗೆ ಹೇಳಬೇಕಾದ ಈ ಉತ್ತರದಿಂದ ಮಾಯವಾಗಿ, ಅವನ ಸ್ಥಾನಕ್ಕೆ ದೇವದೂತನು ಬಂದಿದ್ದಾನೆ. ಮನುಷ್ಯನು ಮಾಡಿದ್ದನ್ನು ಮತ್ತೊಬ್ಬ ಮನುಷ್ಯನು ಮಾಡಬಲ್ಲನು, ತಿದ್ದಬಲ್ಲನು, ಮೀರಿಸಬಲ್ಲನು. ದೇವದೂತನು ಕೊಟ್ಟದ್ದನ್ನು ತಿದ್ದುವ ಧೈರ್ಯ ಯಾರಿಗಿದೆ?

ಗುಟ್ಟು ಫಲಿಸಲಿಲ್ಲವೆಂದು ನಾವು ಹೇಳುವುದಿಲ್ಲ. 812ರಲ್ಲಿ ಬಲ್ಗೇರಿಯದ ಕ್ರುಮ್ ಎಂಬ ದೊರೆಯು ಮೆಸೆಂಬ್ರಿಯ ಪಟ್ಟಣವನ್ನು ಹಿಡಿದಾಗ ಅವನಿಗೆ 36 ಕಂಚಿನ ಸೈಫನ್‌ಗಳೂ ಸಾಕಷ್ಟು ಬೆಂಕಿಯ ದ್ರವವೂ ಸಿಕ್ಕಿದವು. ಯಂತ್ರವೂ ದ್ರವವೂ ಎರಡೂ ಕೈಯಲ್ಲಿದ್ದರೂ ಬಲ್ಗೇರಿಯನ್ನರು ಅವನ್ನು ಬಳಸಿದ ದಾಖಲೆಯಿಲ್ಲ. 941ರಲ್ಲಿ ಕೀವ್ ನಗರದ ಇಗೋರನ ನೂರಾರು ದೋಣಿಗಳು ನಗರದ ಮೇಲೆ ಬಂದಾಗ ಹಳೆಯ ಹದಿನೈದು ಹಡಗುಗಳಿಗೆ ಬೆಂಕಿಯ ಕೊಳವೆಗಳನ್ನು ಜೋಡಿಸಿ ಆ ದೋಣಿಗಳನ್ನು ಸುಟ್ಟರು. ಶತ್ರುವಿಗೆ ತಿಳಿಯದಂತೆ ಕಾಪಾಡುವುದೇ ಉದ್ದೇಶವಾಗಿದ್ದರೆ, ಅದು ಬಹುಮಟ್ಟಿಗೆ ನೆರವೇರಿತು.

ಆದರೆ ಬೆಲೆಯನ್ನೂ ನೋಡಬೇಕು. ಕ್ಯಾಲಿನಿಕಸನ ಕಾಲದಿಂದ ಮುನ್ನೂರು ನಾನ್ನೂರು ವರ್ಷಗಳು ಕಳೆದರೂ ಆ ಬೆಂಕಿಯು ಶಾಂತವಾದ ಕಡಲಿನಲ್ಲಿ, ಅನುಕೂಲವಾದ ಗಾಳಿಯಲ್ಲಿ, ಕೆಲವೇ ಮಾರುಗಳ ದೂರಕ್ಕೆ ಉಪಯೋಗವಾಗುವ ಆಯುಧವಾಗಿಯೇ ಉಳಿಯಿತು. ಕೈಯಲ್ಲಿ ಹಿಡಿಯುವ ಚಿಕ್ಕ ಕೊಳವೆಗಳನ್ನು ಆರನೆಯ ಲಿಯೋ ಚಕ್ರವರ್ತಿಯ ಯುದ್ಧಗ್ರಂಥ ಹೇಳುತ್ತದೆ. ಸಿಂಹದ ಬಾಯಿಯಂತೆ ಮಾಡಿದ ಮೂತಿಗಳನ್ನು ಹನ್ನೆರಡನೆಯ ಶತಮಾನದಲ್ಲಿ ರಾಜಕುಮಾರಿ ಆನಾ ಕೊಮ್ನೀನಳು ವರ್ಣಿಸುತ್ತಾಳೆ. ಮೂತಿಗೆ ಸಿಂಹದ ಮುಖ ಬಂದಿತು. ತತ್ತ್ವದಲ್ಲಿ ಹೊಸದೇನೂ ಬರಲಿಲ್ಲ. ಪ್ರಶ್ನೆ ಕೇಳುವವರೇ ಇಲ್ಲದಿದ್ದರೆ ಉತ್ತರವು ಬೆಳೆಯುವುದು ಹೇಗೆ?

ಕೊನೆಗೆ ಬೆಂಕಿಯೇ ಆರಿಹೋಯಿತು. 1203 ಮತ್ತು 1204ರಲ್ಲಿ ನಾಲ್ಕನೆಯ ಧರ್ಮಯುದ್ಧದ ಸೈನಿಕರು ವೆನಿಸ್ಸಿನ ಹಡಗುಗಳಲ್ಲಿ ಬಂದು ಕಾನ್‌ಸ್ಟಾಂಟಿನೋಪಲನ್ನು ಮುತ್ತಿದಾಗ ನಗರದವರು ಒಣ ಕಟ್ಟಿಗೆ ತುಂಬಿದ ಹಡಗುಗಳಿಗೆ ಬೆಂಕಿಯಿಟ್ಟು ಗಾಳಿಗೆ ತೇಲಿಬಿಟ್ಟರು. ಯಾವ ನಾಡಿನ ಯಾವ ಬೆಸ್ತನಾದರೂ ಮಾಡಬಹುದಾದ ಉಪಾಯ ಅದು. ಸೈಫನ್‌ಗಳ ಪ್ರಸ್ತಾಪವೇ ಅಲ್ಲಿ ಇಲ್ಲ. ಕಪ್ಪು ಸಮುದ್ರದ ಆಚೆಯ ಎಣ್ಣೆಯ ಊಟೆಗಳು ಕೈಬಿಟ್ಟದ್ದು ಒಂದು ಕಾರಣವೆಂದು ವಿದ್ವಾಂಸರು ಹೇಳುತ್ತಾರೆ. ನೌಕಾಬಲ ಕ್ಷೀಣಿಸಿದ್ದುದು ಮತ್ತೊಂದು. ಆದರೆ ಎಣ್ಣೆ ತಪ್ಪಿದರೆ ಬೇರೆ ಎಣ್ಣೆಯನ್ನು ಹುಡುಕಬಹುದಾಗಿತ್ತು. ಹಡಗು ಹೋದರೆ ಮತ್ತೆ ಕಟ್ಟಬಹುದಾಗಿತ್ತು. ಹದವನ್ನು ಬಲ್ಲ ಕೈಗಳು ಕೆಲವೇ ಆಗಿದ್ದಾಗ, ಆ ಕೈಗಳು ಮಣ್ಣಾದ ಮೇಲೆ ಹುಡುಕಲು ತೊಡಗುವವರು ಯಾರು? ಹಂಚಿಹೋದ ಬಡಗಿಯ ಕಸುಬು ಒಂದು ಸಾಮ್ರಾಜ್ಯದಿಂದ ಇನ್ನೊಂದಕ್ಕೆ ದಾಟಿಯೂ ಬದುಕಿತು. ಬಚ್ಚಿಟ್ಟ ಬೆಂಕಿ ತನ್ನ ಮನೆಯಲ್ಲಿಯೇ ಸತ್ತಿತು.

ಇದೇ ಅವಧಿಯಲ್ಲಿ ಎದುರು ದಡದಲ್ಲಿ ಏನು ನಡೆಯುತ್ತಿತ್ತೆಂಬುದನ್ನೂ ನೋಡೋಣ. ಒಂಬತ್ತನೆಯ ಶತಮಾನದ ಬಾಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್‌ಹಾಕ್ ಮೊದಲಾದ ಪಂಡಿತರು ಗ್ರೀಕರ ವೈದ್ಯ, ಗಣಿತ, ತತ್ತ್ವಶಾಸ್ತ್ರಗಳನ್ನು ಅರಬ್ಬೀ ಭಾಷೆಗೆ ತರುತ್ತಿದ್ದರು. ಹೀರೋನ ಯಂತ್ರಶಾಸ್ತ್ರದ ಗ್ರಂಥವು ಇಂದು ಪೂರ್ಣವಾಗಿ ನಮಗೆ ದೊರೆಯುವುದು ಕುಸ್ತಾ ಇಬ್ನ್ ಲೂಕಾ ಮಾಡಿದ ಅರಬ್ಬೀ ಅನುವಾದದಿಂದಲೇ. ಗ್ರೀಕ್ ಮೂಲವು ಬಹುಮಟ್ಟಿಗೆ ನಷ್ಟವಾಗಿದೆ. ಅದೇ ಶತಮಾನದಲ್ಲಿ ಬನೂ ಮೂಸಾ ಸೋದರರು ತಮ್ಮ ಚಮತ್ಕಾರದ ಯಂತ್ರಗಳ ಪುಸ್ತಕವನ್ನು ಚಿತ್ರಗಳೊಡನೆ ಬರೆದರು. 1206ರಲ್ಲಿ, ಅಂದರೆ ಕಾನ್‌ಸ್ಟಾಂಟಿನೋಪಲ್ ಬಿದ್ದ ಎರಡನೆಯ ವರ್ಷದಲ್ಲಿ, ಅಲ್-ಜಜರಿ ಎಂಬ ಯಂತ್ರಶಿಲ್ಪಿಯು ತನ್ನ ದೊಡ್ಡ ಗ್ರಂಥವನ್ನು ಮುಗಿಸಿದನು. ಎದುರುಬದುರಾಗಿ ಮಲಗಿಸಿದ ಎರಡು ಉರುಳೆಗಳ ಪಂಪು ಅದರಲ್ಲಿದೆ. ಭಾಗಗಳ ಹೆಸರು, ಅಳತೆ, ಮಾಡುವ ಕ್ರಮ ಎಲ್ಲವನ್ನೂ ಆತ ಬರೆದಿದ್ದಾನೆ. ಅವನ ನೀರಿನ ಗಡಿಯಾರವೊಂದನ್ನು ಆ ಗ್ರಂಥದ ಆಧಾರದಿಂದಲೇ 1976ರಲ್ಲಿ ಲಂಡನ್ನಿನಲ್ಲಿ ಮತ್ತೆ ಕಟ್ಟಿ ನಡೆಸಿ ತೋರಿಸಿದರು. ಕ್ಯಾಲಿನಿಕಸನ ಬೆಂಕಿಯನ್ನು ನಾವು ಊಹೆಯಿಂದ ಕಟ್ಟಬೇಕಾಗಿದೆ. ಅಲ್-ಜಜರಿಯ ಗಡಿಯಾರವನ್ನು ಓದಿ ಕಟ್ಟಬಹುದು. ಎರಡಕ್ಕೂ ಇರುವ ಅಂತರ ಇದು. ಇದರಲ್ಲಿ ಗ್ರೀಕರು ಅರಬ್ಬರು ಎಂಬ ಪಕ್ಷಪಾತವೇನೂ ಇಲ್ಲ. ಹೀರೋ ಬರೆದದ್ದು ಗ್ರೀಕ್ ಭಾಷೆಯಲ್ಲಿಯೇ ಅಲ್ಲವೇ?

ದೇಶದ ರಕ್ಷಣೆಯ ವಿಷಯದಲ್ಲಿ ಗುಟ್ಟು ಬೇಡವೇ ಎಂದು ವಿವೇಕಿಗಳು ಕೇಳುತ್ತಾರೆ. ಬೇಕು. ಹಡಗು ಯಾವ ದಿನ ಯಾವ ದಾರಿಯಲ್ಲಿ ಹೊರಡುವುದೆಂಬುದನ್ನು ಊರಿಗೆಲ್ಲ ಸಾರಬೇಕೆಂದು ನಾವು ಹೇಳುವುದಿಲ್ಲ. ಮನೆ ಸುಡುವ ವಿದ್ಯೆಯನ್ನು ಕಂಡವರ ಕೈಗೆಲ್ಲ ಕೊಡಬೇಕೆಂಬುದೂ ನಮ್ಮ ವಾದವಲ್ಲ. ಆದರೆ ಎರಡು ಮಾತುಗಳನ್ನು ಮರೆಯಬಾರದು. ಪ್ರಕೃತಿಯ ನಿಯಮವನ್ನು ಬಹುಕಾಲ ಬಚ್ಚಿಡಲು ಆಗುವುದಿಲ್ಲ. ಅಣುಬಾಂಬನ್ನು ಅಮೆರಿಕವು 1945ರ ಜುಲೈಯಲ್ಲಿ ಪರೀಕ್ಷಿಸಿತು. 1949ರ ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟವೂ ಪರೀಕ್ಷಿಸಿತು. ಗೂಢಚಾರರ ನೆರವು ಇದ್ದಿತು, ದಿಟ. ಆದರೆ ಪರಮಾಣುವಿನ ಬೀಜವು ಒಡೆಯುವುದೆಂಬ ಸಂಗತಿಯು 1939ರಲ್ಲಿಯೇ ಎಲ್ಲರೂ ಓದುವ ಪತ್ರಿಕೆಗಳಲ್ಲಿ ಅಚ್ಚಾಗಿತ್ತು. 1955ರಲ್ಲಿ ಜಿನೀವಾದಲ್ಲಿ, ನಮ್ಮ ಹೋಮಿ ಭಾಭಾ ಅವರ ಅಧ್ಯಕ್ಷತೆಯಲ್ಲಿ, ಪರಮಾಣುಶಕ್ತಿಯ ಶಾಂತಿಯುತ ಬಳಕೆಯನ್ನು ಕುರಿತ ಸಮ್ಮೇಳನ ನಡೆದಾಗ ಅನೇಕ ದೇಶಗಳು ಅಲ್ಲಿಯವರೆಗೆ ಮುಚ್ಚಿಟ್ಟಿದ್ದ ವಿಷಯಗಳನ್ನು ಮೇಜಿನ ಮೇಲೆ ಇಟ್ಟವು.

ಎರಡನೆಯ ಮಾತು ಇನ್ನೂ ಮುಖ್ಯವಾದುದು. ಶತ್ರುವಿನಿಂದ ಬಚ್ಚಿಟ್ಟದ್ದನ್ನು ನಮ್ಮಿಂದ ನಾವೇ ಬಚ್ಚಿಡುವ ಅಪಾಯವಿದೆ. ಅಮೆರಿಕದ ಓಕ್ ರಿಜ್ ಎಂಬಲ್ಲಿ 1975ರಿಂದ 1989ರವರೆಗೆ ‘ಫಾಗ್‌ಬ್ಯಾಂಕ್’ ಎಂಬ ಗುಪ್ತ ಪದಾರ್ಥವೊಂದನ್ನು ಅಣ್ವಸ್ತ್ರಗಳಿಗಾಗಿ ತಯಾರಿಸುತ್ತಿದ್ದರು. ಕೆಲವು ವರ್ಷಗಳ ಮೇಲೆ ಮತ್ತೆ ಬೇಕಾದಾಗ ನೋಡಿದರೆ ದಾಖಲೆಗಳು ಸಾಲದು, ಮಾಡಿದವರಲ್ಲಿ ಬಹುಮಂದಿ ನಿವೃತ್ತರಾಗಿದ್ದರು. ಸರ್ಕಾರದ ಲೆಕ್ಕಪರಿಶೋಧಕರು 2009ರ ವರದಿಯಲ್ಲಿ ಇದನ್ನು ಬಹಿರಂಗವಾಗಿಯೇ ಹೇಳಿದರು. ಕೋಟಿಗಟ್ಟಲೆ ಡಾಲರು ಸುರಿದು ಮತ್ತೆ ತಯಾರಿಸಿದಾಗ ಅದು ಸರಿಬರಲಿಲ್ಲ. ಕಾರಣವನ್ನು ಹುಡುಕಿದಾಗ ತಿಳಿದದ್ದು ಇದು: ಹಿಂದಿನ ಕಚ್ಚಾವಸ್ತುವಿನಲ್ಲಿದ್ದ ಒಂದು ಕಲ್ಮಷವೇ ಆ ಪದಾರ್ಥಕ್ಕೆ ಅಗತ್ಯವಾದ ಗುಣವನ್ನು ಕೊಡುತ್ತಿತ್ತು, ಹಿಂದೆ ಮಾಡಿದವರಿಗೂ ಅದು ಗೊತ್ತಿರಲಿಲ್ಲ. ಶುದ್ಧವಾದ ಕಚ್ಚಾವಸ್ತುವನ್ನು ತಂದ ಹೊಸಬರು ಆ ಗುಣವನ್ನು ಕಳೆದಿದ್ದರು. ಬೈಜಾಂಟಿಯಮ್ಮಿನ ಕಥೆ ಇಪ್ಪತ್ತೊಂದನೆಯ ಶತಮಾನದಲ್ಲಿ, ಲೋಕದ ಅತ್ಯಂತ ಶ್ರೀಮಂತ ರಾಷ್ಟ್ರದಲ್ಲಿ, ಮತ್ತೆ ನಡೆಯಿತು.

ಅಮೆರಿಕದ ಮಾತೇಕೆ, ನಮ್ಮ ಮನೆಯ ಮಾತನ್ನೇ ಹೇಳುತ್ತೇವೆ. ನಾವು ಕೆಲಸಕ್ಕೆ ಸೇರಿದ ಹೊಸತರಲ್ಲಿ ಪ್ರಯೋಗಶಾಲೆಯಲ್ಲಿ ಹಳೆಯ ನಿರ್ವಾತ ಪಂಪೊಂದು ಇದ್ದಿತು. ಅದನ್ನು ನಡೆಸಬಲ್ಲವರು ಅಲ್ಲಿನ ಹಿರಿಯ ಅಟೆಂಡರ್ ಒಬ್ಬರೇ. ಎಲ್ಲಿ ಗ್ರೀಸ್ ಹಚ್ಚಬೇಕು, ಯಾವ ತಿರುಪನ್ನು ಎಷ್ಟು ಸಡಿಲಿಸಬೇಕು ಎಂಬುದು ಅವರ ಬೆರಳಿಗೆ ಗೊತ್ತು. ಅವರು ಗುಟ್ಟು ಮಾಡಿದವರಲ್ಲ. ಕೇಳಿದ್ದರೆ ಸಂತೋಷದಿಂದ ಹೇಳುತ್ತಿದ್ದರು. ನಾವು ಕೇಳಲಿಲ್ಲ, ಬರೆದಿಡಲಿಲ್ಲ. ಅವರು ನಿವೃತ್ತರಾದ ಮೇಲೆ ಪಂಪು ಬೀರುವಿಗೆ ಸೇರಿತು. ಈಗಲೂ ಅಲ್ಲಿಯೇ ಇದೆ. ಅದರ ಗಾಜಿನ ಬಾಗಿಲನ್ನು ನೋಡಿದಾಗಲೆಲ್ಲ ನಮಗೆ ನಾಚಿಕೆಯಾಗುತ್ತದೆ. ಶಾಪ ಕೆತ್ತಿದ ಪೀಠವಿಲ್ಲದೆಯೇ ವಿದ್ಯೆ ಸಾಯಬಲ್ಲದು. ಅದಕ್ಕೆ ಉದಾಸೀನವೊಂದೇ ಸಾಕು.

ಆದುದರಿಂದ ಆ ವಿದ್ಯಾರ್ಥಿಗೆ ನಾವು ಕೊಟ್ಟ ಉತ್ತರವನ್ನೇ ವಾಚಕರ ಮುಂದೆಯೂ ಇಡುತ್ತೇವೆ. ಗ್ರೀಕ್ ಬೆಂಕಿಯ ಗುಟ್ಟು ಯಾರಿಗೂ ತಿಳಿಯದೆಂಬುದು ಅದನ್ನು ಕಾಪಾಡಿದವರ ಜಯವಲ್ಲ, ಸೋಲು. ನಿನಗೆ ತಿಳಿದದ್ದನ್ನು, ನಿನ್ನನ್ನು ಕಾಣದ ಇನ್ನೊಬ್ಬನು ಓದಿ ಮಾಡಿ ನೋಡುವಂತೆ ಬರೆದಿಡು. ಪ್ರಯೋಗದ ಪುಸ್ತಕದಲ್ಲಿ ಉತ್ತರವನ್ನು ಮಾತ್ರ ಬರೆದರೆ ಸಾಲದು. ಮಾಡಿದ ಬಗೆಯನ್ನೂ, ಎಡವಿದ ಕಡೆಯನ್ನೂ ಬರೆ. ಅಧ್ಯಾಪಕರಿಗೂ ಕಾರ್ಖಾನೆಯ ಮೇಸ್ತ್ರಿಗಳಿಗೂ ಹೊಲದ ಹದವನ್ನು ಬಲ್ಲ ರೈತರಿಗೂ ನಮ್ಮ ಬಿನ್ನಹ ಇದೇ. ತಿಳಿದದ್ದನ್ನು ಹೇಳಿರಿ, ಬರೆಯಬಲ್ಲವರು ಕೇಳಿ ಬರೆದುಕೊಳ್ಳಲಿ, ಕನ್ನಡದಲ್ಲಿಯೇ ಬರೆದುಕೊಳ್ಳಲಿ.

ಆ ವಿದ್ಯಾರ್ಥಿಯು ಮರುವಾರ ಬಂದು, ಬೀರುವಿನಲ್ಲಿರುವ ಪಂಪನ್ನು ಬಿಚ್ಚಿ ನೋಡಲು ಅಪ್ಪಣೆ ಕೇಳಿದನು. ಕೊಟ್ಟಿದ್ದೇವೆ. ಬಿಚ್ಚುವ ಒಂದೊಂದು ತಿರುಪಿನ ಚಿತ್ರವನ್ನೂ ಬರೆದಿಡಬೇಕೆಂಬುದೊಂದೇ ನಮ್ಮ ಷರತ್ತು.